ಎಲ್ಲದಕ್ಕೂ ಹೂಂ ಅಂದ ದೇವಿ

ಕೆಂಗ್-ಹುಯಿಯ ಸಂಸಾರವನ್ನು ಹನ್ನೊಂದು ವರ್ಷಗಳಿಂದ ನಡೆಸಿಕೊಂಡು ಬಂದದ್ದು ಎರಡು ಮರದ ತುಂಡುಗಳು. ಹೆಂಡತಿ ನಡೆಸಿದ್ದರೆ ಅವನು ಸಹಿಸಿಕೊಳ್ಳುತ್ತಿದ್ದ. ಲೋಕದ ಗಂಡಸರೆಲ್ಲ ಸಹಿಸಿಕೊಂಡಿಲ್ಲವೇ. ಆದರೆ ಅರ್ಧಚಂದ್ರಾಕಾರದ, ಕೆಂಪು ಬಣ್ಣ ಬಳಿದ, ಅಂಗೈಯಲ್ಲಿ ಹಿಡಿಸುವ ಎರಡು ತುಂಡುಗಳು, ಅದೂ ಅತ್ತೆಯ ಕೈಯಲ್ಲಿರುವಂಥವು, ತನ್ನ ಮಂಚ ಯಾವ ಗೋಡೆಗೆ ತಾಗಿರಬೇಕು ಎಂಬುದನ್ನೂ ತೀರ್ಮಾನಿಸುತ್ತವೆ ಎಂದರೆ ಯಾವ ಅಳಿಯನಿಗೆ ತಾನೇ ಹೊಟ್ಟೆ ಉರಿಯುವುದಿಲ್ಲ.

ಅತ್ತೆ ಕಿಮ್-ಲಾನ್ ಆ ತುಂಡುಗಳನ್ನು ಕಡಲು ಕಾಯುವ ಮಾಜು ದೇವಿಯ ಮುಂದೆ ಹಿಡಿದು, ಪ್ರಶ್ನೆ ಕೇಳಿ, ನೆಲಕ್ಕೆ ಬಿಡುತ್ತಾರೆ. ತುಂಡಿನ ಒಂದು ಬದಿ ಚಪ್ಪಟೆ, ಇನ್ನೊಂದು ಬದಿ ಉಬ್ಬು. ಚಪ್ಪಟೆ ಮೇಲಾದರೆ ಅಂಗಾತ, ಕೆಳಗಾದರೆ ಬೋರಲು. ಒಂದು ಅಂಗಾತ, ಇನ್ನೊಂದು ಬೋರಲು ಬಿದ್ದರೆ ದೇವಿ ‘ಹೂಂ’ ಅಂದಳು. ಎರಡೂ ಬೋರಲಾದರೆ ‘ಉಹೂಂ’. ಎರಡೂ ಅಂಗಾತವಾದರೆ ದೇವಿ ನಗುತ್ತಿದ್ದಾಳೆ, ಪ್ರಶ್ನೆಯೇ ಸರಿಯಿಲ್ಲ. ಸಣ್ಣಪುಟ್ಟ ವಿಷಯಕ್ಕೆ ಒಂದು ಹೂಂ ಸಾಕು. ದೊಡ್ಡ ವಿಷಯಕ್ಕೆ ಒಂದರ ಹಿಂದೊಂದು ಮೂರು ಬೇಕು. ಕೆಂಗ್-ಹುಯಿಯ ಮದುವೆ ಹಾಗೆ ಮೂರು ಹೂಂಗಳಲ್ಲಿ ನಿಶ್ಚಯವಾಗಿತ್ತು. (ಅವನನ್ನು ಯಾರೂ ಕೇಳಿರಲಿಲ್ಲ. ಕೇಳಿದ್ದರೆ ಅವನೂ ಹೂಂ ಎನ್ನುತ್ತಿದ್ದ, ಅದು ಬೇರೆ ಮಾತು.)

ಈಗ ಬಂದಿರುವುದು ಅದಕ್ಕಿಂತ ದೊಡ್ಡ ವಿಷಯ. ಅತ್ತೆಯ ಮೊಣಕಾಲುಗಳು ಮೂರು ಮಹಡಿ ಹತ್ತಲು ಒಲ್ಲೆ ಎಂದಿದ್ದವು. ಮಾರುಕಟ್ಟೆಯ ಮೇಲಿನ ಮನೆ ಬಿಟ್ಟು ಅವರು ಮಕ್ಕಳಲ್ಲಿ ಒಬ್ಬರ ಜೊತೆ ಇರುವುದಾಗಿ ಘೋಷಿಸಿದ್ದರು. ಒಬ್ಬ ತೈಪೆಯಲ್ಲಿರುವ ಹಿರಿಮಗ. ಇನ್ನೊಬ್ಬಳು ಇದೇ ಹ್ವಾಲಿಯೆನ್ ಊರಿನಲ್ಲಿರುವ ಮಗಳು, ಅಂದರೆ ಕೆಂಗ್-ಹುಯಿಯ ಹೆಂಡತಿ ಬೀ-ಲಿಯೆನ್. ಯಾರ ಮನೆ ಎಂಬುದನ್ನು ದೇವಿಯೇ ಹೇಳಬೇಕು.

ಕೆಂಗ್-ಹುಯಿಯ ಮನೆಯಲ್ಲಿ ಮೆಟ್ಟಿಲಿಲ್ಲದ ಕೋಣೆ ಒಂದೇ. ಅದರ ಕಿಟಕಿಗೆ ಕಡಲು ಕಾಣುತ್ತದೆ, ಅಲ್ಲೇ ಕೂತು ಅವನು ಊರಿನ ದಂತವೈದ್ಯರಿಗೆಲ್ಲ ಹಲ್ಲಿನ ಸೆಟ್ಟು ಮಾಡಿಕೊಡುತ್ತಾನೆ. ಹಿಂದೊಮ್ಮೆ ಅತ್ತೆ ಹದಿನೈದು ದಿನ ಬಂದಿದ್ದಾಗ ಎರಡು ಕುರ್ಚಿ, ಒಂದು ಕನ್ನಡಿ ಮತ್ತು ಅವನ ಸಿಗರೇಟು, ದೇವಿಯ ಅಪ್ಪಣೆಯಂತೆ ಮನೆಯಿಂದ ಗಡಿಪಾರಾಗಿದ್ದವು. ಈಗ ಬರುವುದು ಜೀವಮಾನಕ್ಕೆ. ಅವನಿಗೆ ಊಟ ಸೇರುತ್ತಿರಲಿಲ್ಲ.

ಈ ಚಿಂತೆಗೆ ಮದ್ದಾಗಲೆಂದೇ ಅವನು ಹೆಂಡತಿಗೆ, ‘ಶನಿವಾರ ಭಾನುವಾರ ಕಡಲ ದಾರೀಲಿ ಹೋಗೋಣ, ನಾವಿಬ್ಬರೇ’ ಎಂದಿದ್ದ. ಅತ್ತೆಯ ಕಿವಿಗೆ ಬಿತ್ತು. ಆ ದಾರಿಯ ಕೊನೆಯ ಬಂದರೂರಿನಲ್ಲೇ ಅವರ ಮನೆದೇವಿಯ ಮೂಲಸ್ಥಾನ. ವರ್ಷಕ್ಕೊಮ್ಮೆ ಮನೆಯ ಪುಟ್ಟ ವಿಗ್ರಹವನ್ನು ಅಲ್ಲಿಗೆ ತವರಿಗೆ ಕರೆದೊಯ್ಯಬೇಕು. ‘ಹೇಗೂ ಹೋಗ್ತಿದೀರಲ್ಲ’ ಎಂದರು. ನಾವಿಬ್ಬರೇ ಎಂದಿದ್ದವರು ದೇವಿಯೂ ಸೇರಿ ನಾಲ್ವರಾದರು.

ಆಗ ಕೆಂಗ್-ಹುಯಿಗೆ ಆ ಮಹತ್ತರ ಉಪಾಯ ಹೊಳೆಯಿತು. ಊದುಕಡ್ಡಿ ಅಂಗಡಿಯಿಂದ ಅದೇ ಅಳತೆಯ ಒಂದು ಜೊತೆ ತುಂಡು ತಂದ. ಸಣ್ಣ ರಂಧ್ರ ಕೊರೆದು, ಗಾಳದ ಸೀಸದ ಗುಂಡನ್ನು ಒಂದರ ಉಬ್ಬಿನೊಳಗೆ, ಇನ್ನೊಂದರ ಚಪ್ಪಟೆ ಬದಿಗೆ ಇಳಿಸಿ, ಹುಳುಕು ಹಲ್ಲು ತುಂಬಿದಂತೆ ಮುಚ್ಚಿ, ಉಜ್ಜಿ, ಬಣ್ಣ ಬಳಿದ. ನೂರು ಸಲ ಬಿಟ್ಟು ನೋಡಿದ. ನೂರು ಸಲವೂ ಹೂಂ. ಶುಕ್ರವಾರ ಮಧ್ಯಾಹ್ನ ಅತ್ತೆ ಕುರ್ಚಿಯಲ್ಲಿ ತೂಕಡಿಸುವಾಗ ಅವರ ಚೀಲದಲ್ಲಿದ್ದ ನಿಜವಾದ ಜೊತೆ ಇವನ ಜೇಬಿಗೆ ಬಂತು, ಹೊಸದು ಚೀಲ ಸೇರಿತು. ಯಾವ ಮಾತಿಗೂ ಹಿರಿಮಗನೇ ಮೊದಲು, ಅದು ಮನೆತನದ ಪದ್ಧತಿ. ಮೂಲಸ್ಥಾನದಲ್ಲಿ ಅತ್ತೆ ಕೇಳುವ ಮೊದಲ ಪ್ರಶ್ನೆ ತೈಪೆಯದು, ಮೂರು ಹೂಂ, ಕಥೆ ಮುಗಿಯಿತು.

ಶನಿವಾರ ಬೆಳಿಗ್ಗೆ ಕಾರಿನ ಬಾಗಿಲಲ್ಲೇ ಅತ್ತೆ ಕುಕ್ಕರಗಾಲಿನಲ್ಲಿ ಕೂತು ತುಂಡು ಬಿಟ್ಟರು. ಮೊಣಕಾಲು ನೋವು ದೇವಿಯನ್ನು ಕೇಳುವಾಗ ಇರುವುದಿಲ್ಲ. ‘ತಾಯಿ, ನಿನ್ನನ್ನ ತೊಡೆ ಮೇಲಿಟ್ಕೊಂಡು ನಾನು ಮುಂದಿನ ಸೀಟಲ್ಲಿ ಕೂರಲಾ?’ ಹೂಂ. ಬೀ-ಲಿಯೆನ್ ಮುಖ ಊದಿಸಿಕೊಂಡು ಹಿಂದಕ್ಕೆ ಹೋದಳು. ‘ಗಂಟೆಗೆ ಮೂವತ್ತಕ್ಕಿಂತ ಜಾಸ್ತಿ ಬೇಡ ಅಲ್ವಾ ತಾಯಿ?’ ಹೂಂ.

ಎಡಕ್ಕೆ ಕಡಲು, ಬಲಕ್ಕೆ ಬೆಟ್ಟ, ನಡುವೆ ಮೂವತ್ತರ ವೇಗದಲ್ಲಿ ಕೆಂಗ್-ಹುಯಿ, ಅವನ ಹಿಂದೆ ಒಂದು ಮೈಲಿ ವಾಹನಗಳು. ಒಬ್ಬ ಮುದುಕ ಸೈಕಲ್ಲಿನಲ್ಲಿ ಅವರನ್ನು ದಾಟಿ ಹೋದ. ಫೆಂಗ್‌ಪಿನ್‌ನಲ್ಲಿ ಗಾಡಿ ನಿಲ್ಲಿಸಿ ಒಣಗಿಸಿದ ಹಾರುಮೀನು ಕೊಳ್ಳಬಹುದೇ ಎಂದು ಕೇಳಲಾಯಿತು, ಹೂಂ. ಹತ್ತು ಕಟ್ಟು ಕೊಳ್ಳಬಹುದೇ, ಹೂಂ. ದೇವಿಗೆ ಎಸಿ ಆಗದು ಎಂಬುದಕ್ಕೂ ಹೂಂ. ತೆರೆದ ಕಿಟಕಿ, ಉಪ್ಪುಗಾಳಿ ಮತ್ತು ಹತ್ತು ಕಟ್ಟು ಮೀನಿನ ವಾಸನೆಯ ಮಧ್ಯೆ ಅತ್ತೆ ಮಾತ್ರ ಅರಳಿದ್ದರು.

‘ಇವತ್ತು ತಾಯಿ ಬಲು ಪ್ರಸನ್ನ. ಒಂದಕ್ಕೂ ಇಲ್ಲ ಅನ್ನಲಿಲ್ಲ, ನೋಡು’ ಎಂದರು.

‘ಹೌದಮ್ಮಾ’ ಎಂದ ಕೆಂಗ್-ಹುಯಿ.

ಶಿತಿಪಿಂಗ್‌ನ ಬಂಡೆಗಳ ಮೇಲೆ ಅತ್ತೆ ದೇವಿಗೆ ಕಡಲು ತೋರಿಸುತ್ತಿದ್ದಾಗ ಅವನು ಹೆಂಡತಿಯನ್ನು ಪಕ್ಕಕ್ಕೆ ಎಳೆದು ಎಲ್ಲ ಒಪ್ಪಿಸಿದ.

‘ಮಾಜು ತಾಯಿಗೇ ಮೋಸ ಮಾಡಿದ್ಯಾ ನೀನು?’

‘ಮೋಸ ಅಲ್ಲ. ಹೂಂ ಅನ್ನೋಕೆ ಸ್ವಲ್ಪ ಸಹಾಯ.’

‘ನಮ್ಮಮ್ಮ ನಿನ್ನ ಮನೆಗೆ ಬಂದ್ರೆ ಅಷ್ಟು ಕಷ್ಟನಾ?’

‘ನಿನಗೆ ಬೇಕಾ ಹಾಗಾದ್ರೆ?’

‘ನನಗೂ ಬೇಡ. ಆದ್ರೆ ಆ ಮಾತು ನಾನು ಹೇಳಬೇಕು, ನೀನು ಹೇಳಬಾರದು’ ಎಂದು ಬೀ-ಲಿಯೆನ್ ಕಣ್ಣು ಕೆಂಪಗೆ ಮಾಡಿದಳು. ಆಮೇಲೆ ತಗ್ಗಿದ ದನಿಯಲ್ಲಿ, ‘ಅಮ್ಮ ಅಣ್ಣನ ಪ್ರಶ್ನೆನೇ ಮೊದಲು ಕೇಳ್ತಾಳೆ ಅಂತ ಗ್ಯಾರಂಟಿನಾ?’ ಎಂದಳು.

‘ಐವತ್ತು ವರ್ಷದ ಪದ್ಧತಿ. ಅದೆಲ್ಲಿ ಬದಲಾಗುತ್ತೆ.’

ಅದು ಸಾನ್‌ಶ್ಯೆನ್‌ತಾಯ್‌ನಲ್ಲಿ ಬದಲಾಯಿತು. ಎಂಟು ಕಮಾನಿನ ಸೇತುವೆ ನೋಡುತ್ತ ಉರುಟು ಕಲ್ಲುಗಳ ಮೇಲೆ ಕೂತಿದ್ದ ಅತ್ತೆ ಇದ್ದಕ್ಕಿದ್ದಂತೆ, ‘ಯಾವಾಗಲೂ ದೊಡ್ಡವನೇ ಮೊದಲು. ಬೇಜಾರು. ಈ ಸಲ ಹುಯಿ ಮನೆ ವಿಷಯ ಮೊದಲು ಕೇಳಲಾ ಅಂತ ತಾಯೀನೇ ಕೇಳೋಣ’ ಎಂದು ಚೀಲಕ್ಕೆ ಕೈ ಹಾಕಿದರು.

‘ಬೇಡಮ್ಮಾ, ಕಲ್ಲು ಏರುಪೇರು’ ಎಂದ ಕೆಂಗ್-ಹುಯಿ. ಅಷ್ಟರಲ್ಲಿ ತುಂಡುಗಳು ಬಿದ್ದಾಗಿತ್ತು. ಏರುಪೇರು ಕಲ್ಲಿನ ಮೇಲೂ ಅವು ಆಜ್ಞಾಧಾರಕರಂತೆ ಒಂದು ಅಂಗಾತ, ಒಂದು ಬೋರಲು ಮಲಗಿದ್ದವು. ಅವನ ಕೈಕೆಲಸದಲ್ಲಿ ಲೋಪ ಹುಡುಕುವುದು ಕಷ್ಟ.

ಅಲ್ಲಿಂದ ಕೆಂಗ್-ಹುಯಿಗೆ ಕಡಲು ಕಾಣಲಿಲ್ಲ, ಕಂಡದ್ದು ಚೀಲ ಮಾತ್ರ. ಜೇಬಿನಲ್ಲಿರುವ ಹಳೆಯ ಜೊತೆಯನ್ನು ಹೇಗಾದರೂ ಅದರೊಳಗೆ ಸೇರಿಸಿದರೆ ದೇವಿ ತನ್ನ ಇಷ್ಟದಂತೆ ಹೇಳಿಯಾಳು. ಮೂರು ಹೂಂ ಸಾಲಾಗಿ ಬೀಳುವುದು ಅಷ್ಟು ಸುಲಭವೂ ಅಲ್ಲ. ಮೋಸ ಮಾಡಲು ತೊಡಗಿಸಿದ್ದ ಬುದ್ಧಿಯನ್ನೆಲ್ಲ ಈಗ ಅವನು ಪ್ರಾಮಾಣಿಕನಾಗಲು ಖರ್ಚು ಮಾಡತೊಡಗಿದ. ಚೆಂಗ್‌ಕುಂಗ್ ಬಂದರಿನ ಊಟದಂಗಡಿಯಲ್ಲಿ ಅತ್ತೆ ಕತ್ತಿಮೀನಿನ ಸೂಪಿನಲ್ಲಿ ಮುಳುಗಿದ್ದಾಗ ಅವನ ಕೈ ಮೆಲ್ಲಗೆ ಚೀಲದ ಬಾಯಿ ಹೊಕ್ಕಿತು.

‘ಏನು ಬೇಕಿತ್ತು?’ ಅತ್ತೆ ಬಟ್ಟಲಿನಿಂದ ತಲೆ ಎತ್ತಲಿಲ್ಲ.

‘ಟಿಶ್ಯೂ, ಅಮ್ಮಾ.’

ಅವರು ಟಿಶ್ಯೂ ತೆಗೆದುಕೊಟ್ಟರು. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಊಟ ಮುಂದುವರಿಸಿದರು. ಕೆಂಗ್-ಹುಯಿ ಒರೆಸಬೇಕಿಲ್ಲದ ಮೂಗನ್ನು ನಾಲ್ಕು ಸಲ ಒರೆಸಿಕೊಂಡ.

ದೇವಸ್ಥಾನದಲ್ಲಿ ಹೊಗೆ, ಪಟಾಕಿ, ಜನ. ಪುಟ್ಟ ದೇವಿಯನ್ನು ದೊಡ್ಡ ದೇವಿಯ ಊದುಕಡ್ಡಿ ಹೊಗೆಯ ಮೇಲೆ ಮೂರು ಸಲ ಹಾಯಿಸಿ ಕೂರಿಸಿದ ಮೇಲೆ ಅತ್ತೆ ಮಂಡಿಯೂರಿದರು. ಕೆಂಗ್-ಹುಯಿ ಕೊನೆಯ ಆಸೆಯಿಂದ ಪೀಠದ ಮೇಲಿದ್ದ ದೇವಸ್ಥಾನದ ತುಂಡುಗಳನ್ನೇ ಎತ್ತಿ ನೀಡಿದ.

‘ಇಲ್ಲಿಯದೇ ತಗೊಳ್ಳಿ ಅಮ್ಮಾ, ಶಕ್ತಿ ಜಾಸ್ತಿ.’

‘ಊರವರ ಬೆವರು ಹತ್ತಿದ್ದು ನನಗಾಗಲ್ಲ’ ಎಂದು ಅತ್ತೆ ತಮ್ಮದನ್ನು ತೆಗೆದರು. ಹೆಸರು, ಹುಟ್ಟಿದ ದಿನ, ವಿಳಾಸ, ಎಲ್ಲ ದೇವಿಗೆ ತಿಳಿಸಿ, ಗಟ್ಟಿಯಾಗಿ ಕೇಳಿದರು. ‘ತಾಯಿ, ನಾನು ಹುಯಿ ಮನೇಲಿ ಇರಲಾ?’

ಮೊದಲನೆಯ ಹೂಂ ಬಿತ್ತು. ಬೀ-ಲಿಯೆನ್ ಗಂಡನ ತೋಳು ಚಿವುಟಿದಳು. ಎರಡನೆಯದೂ ಬಿತ್ತು. ಹನ್ನೊಂದು ವರ್ಷಗಳಲ್ಲಿ ಮೊದಲ ಬಾರಿಗೆ ಕೆಂಗ್-ಹುಯಿ ಕಣ್ಣು ಮುಚ್ಚಿ ಮನಸಾರೆ ಪ್ರಾರ್ಥಿಸಿದ: ತಾಯಿ, ತಪ್ಪಾಯಿತು, ಸೀಸಕ್ಕಿಂತ ನೀನು ದೊಡ್ಡವಳಲ್ಲವೇ. ಮೂರನೆಯದು ಬಿದ್ದ ಸದ್ದಿಗೆ ಸುತ್ತಲಿನ ಹೆಂಗಸರು ಚಪ್ಪಾಳೆ ತಟ್ಟಿದರು. ಮುಗಿದ ಪ್ರಶ್ನೆಯನ್ನು ಮತ್ತೆ ಕೇಳುವ ಹಾಗಿಲ್ಲ.

ಹಿಂದಿರುಗುವಾಗ ಬೀ-ಲಿಯೆನ್ ಹಿಂದಿನ ಸೀಟಿನಲ್ಲಿ ಹಾರುಮೀನಿಗೆ ಒರಗಿ ಮುಖ ತಿರುಗಿಸಿ ಕೂತಿದ್ದಳು. ಅತ್ತೆ ಚೀಲದಿಂದ ತುಂಡುಗಳನ್ನು ತೆಗೆದು ಅಂಗೈಯಲ್ಲಿ ತೂಗಿದರು.

‘ಇವು ನನ್ನವಲ್ಲ, ಹುಯಿ.’

ಕಾರು ಸ್ವಲ್ಪ ಕಡಲ ಕಡೆಗೆ ವಾಲಿ ಮತ್ತೆ ದಾರಿಗೆ ಬಂತು.

‘ಬೆಳಿಗ್ಗೆ ಕೈಗೆ ತಗೊಂಡಾಗಲೇ ಗೊತ್ತಾಯ್ತು. ಐವತ್ತು ವರ್ಷ ಹಿಡಿದ ಕೈ. ಹಲ್ಲಿನ ಕೆಲಸದವನು ಮುಚ್ಚಿದ ತೂತು ನನಗೆ ತಿಳಿಯಲ್ವಾ? ದಾರಿಯುದ್ದಕ್ಕೂ ಕೇಳಿ ನೋಡಿದೆ, ಎಲ್ಲದಕ್ಕೂ ಹೂಂ.’

‘ಅಮ್ಮಾ, ಅದು ಏನಾಯ್ತು ಅಂದ್ರೆ...’

‘ಏನೂ ಹೇಳಬೇಡ. ಮನೇಲಿ ನನ್ನ ತುಂಡಲ್ಲಿ ಮೊನ್ನೆಯೇ ಕೇಳಿದ್ದೆ. ಒಂದರ ಹಿಂದೊಂದು ಮೂರು ಸಲ, ತೈಪೆಗೆ ಹೋಗು ಅಂದಿದ್ಲು ತಾಯಿ. ಗಂಟೂ ಕಟ್ಟಿದ್ದೆ. ಹೋಗ್ತೀನಿ ಅಂತ ಹೇಳಿ ಕೈಮುಗಿದು ಬರೋಣ ಅಂತಲೇ ಇವತ್ತು ಹೊರಟಿದ್ದು.’ ಅತ್ತೆಯ ದನಿ ನಡುಗಿತು. ಮಾರುಕಟ್ಟೆಯನ್ನೇ ನಡುಗಿಸಿದ್ದ ದನಿ ಅದು. ‘ಅಂಥಾದ್ರಲ್ಲಿ ನೀನು ಕೂತು ತೂತು ಕೊರೆದು, ಸೀಸ ತುಂಬಿ, ದೇವರ ಕೋಪಕ್ಕೂ ಹೆದರದೆ... ಹೊಟ್ಟೇಲಿ ಹುಟ್ಟಿದ ಮಗ ಒಂದು ಸಲ ಬಾ ಅನ್ನಲಿಲ್ಲ, ಹುಯಿ. ನಾನು ನಿನ್ನ ಮನೇಗೇ ಬರಲಿ ಅಂತ ನಿನಗೆ ಇಷ್ಟು ಆಸೆ ಇದ್ದದ್ದು ನನಗೆ ಗೊತ್ತೇ ಇರಲಿಲ್ಲ. ಬಾಯ್ಬಿಟ್ಟು ಕೇಳಬಾರದಿತ್ತೇನೋ?’

ಕೆಂಗ್-ಹುಯಿ ಕನ್ನಡಿಯಲ್ಲಿ ಹೆಂಡತಿಯ ಮುಖ ನೋಡಿದ. ಅವಳು ಕಣ್ಣೀರು ಒರೆಸಿಕೊಳ್ಳುತ್ತ ಅವನನ್ನೇ ನೋಡುತ್ತಿದ್ದಳು, ಒಂದು ಮಾತು ತಪ್ಪಿದರೂ ಮನೆಗೆ ಸೇರಿಸುವುದಿಲ್ಲ ಎನ್ನುವಂತೆ.

‘ಸಂಕೋಚ ಆಯ್ತು, ಅಮ್ಮಾ’ ಎಂದ.