ಅರವತ್ತೈದರ ನಡುಕ

ಗಾಡಿ ನಡುಗುತ್ತಿದ್ದದ್ದು ಅರವತ್ತೈದರ ವೇಗದಲ್ಲಿ ಮಾತ್ರ. ಐವತ್ತರಲ್ಲಿ ಇಲ್ಲ, ತೊಂಬತ್ತರಲ್ಲೂ ಇಲ್ಲ. ಜಮಖಂಡಿಯ ರಾಘವೇಂದ್ರರಾಯರು ನೌಕರಿಯಿಂದ ನಿವೃತ್ತರಾದ ಮೇಲೆ ಕೊಂಡ ಹಳೆಯ ಆಟೋಮ್ಯಾಟಿಕ್ ಕಾರು ಅದು. ದೊಡ್ಡ ಊರಿನ ಗ್ಯಾರೇಜಿನವನೊಬ್ಬ ಟೈರು ಬದಲಿಸಿದ್ದ, ಇನ್ನೊಬ್ಬ ಪ್ಲಗ್ಗು ಬದಲಿಸಿದ್ದ. ನಡುಕ ಇದ್ದ ಹಾಗೇ ಇತ್ತು.

ಕಡೆಗೊಂದು ಮುಂಜಾನೆ ರಾಯರು ಅದನ್ನು ಬನಹಟ್ಟಿಯ ಮಾಂತೇಶನ ಗ್ಯಾರೇಜಿಗೆ ತಂದರು. ಮಾಂತೇಶ ನೇಕಾರರ ಮನೆಯವನು. ಎಂಟು ಮಗ್ಗ ಒಟ್ಟಿಗೆ ಬಡಿಯುವಾಗ ಯಾವುದರ ಎಳೆ ಹರಿಯಿತೆಂದು ಒಳಕೋಣೆಯಲ್ಲಿ ಕೂತೇ ಹೇಳುವ ಕಿವಿ ಅವನದು. ಆದರೂ ಊರಿನವರ ಪಾಲಿಗೆ ಅವನು ಆಟೋ, ಬೈಕಿನ ಮಿಸ್ತ್ರಿ. ಇಂಥ ಕಾರುಗಳು ಅವನ ಬಾಗಿಲು ದಾಟಿ ಬೆಳಗಾವಿಗೆ ಹೋಗುತ್ತಿದ್ದವು. ಇದೊಂದರ ರೋಗ ಪತ್ತೆ ಹಚ್ಚಿದರೆ ಅವನು ಬರೀ ಬೈಕಿನ ಮಿಸ್ತ್ರಿ ಎಂಬ ಮಾತು ಅಲ್ಲಿಗೆ ಮುಗಿಯುತ್ತಿತ್ತು.

"ಇದು ಟೈರಿನ ತ್ರಾಸ ಅಲ್ರಿ ರಾಯರ, ಲಾಕ್‌ಅಪ್ಪಿನದು," ಎಂದ ಮಾಂತೇಶ.

ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಟಾರ್ಕ್ ಕನ್ವರ್ಟರ್ ಎಂಬ ಎಣ್ಣೆ ತುಂಬಿದ ದುಂಡನೆಯ ಡಬ್ಬಿ ಇರುತ್ತದೆ ಎಂದು ವಿವರಿಸಿದ. ನಿಧಾನ ಹೋಗುವಾಗ ಎಣ್ಣೆಯೇ ತಿರುಗಿಸುತ್ತದೆ. ವೇಗ ಬಂದ ಮೇಲೆ ಒಳಗಿನ ಕ್ಲಚ್ಚು ಎರಡನ್ನೂ ಕಚ್ಚಿ ಹಿಡಿಯುತ್ತದೆ. ಅದೇ ಲಾಕ್‌ಅಪ್. ಕಚ್ಚಿದ್ದು ಜಾರಿದರೆ ಗಾಡಿ ನಡುಗುತ್ತದೆ. ಖಾತ್ರಿ ಮಾಡಿಕೊಳ್ಳುವುದು ಸುಲಭ. ಅರವತ್ತೈದರಲ್ಲಿ ಸಮನಾಗಿ ಓಡಿಸಿ, ನಡುಗುವಾಗ ಬ್ರೇಕನ್ನು ಬರೀ ಮುಟ್ಟಬೇಕು. ಮುಟ್ಟಿದೊಡನೆ ಲಾಕ್‌ಅಪ್ ಬಿಡುತ್ತದೆ. ಆಗ ನಡುಕವೂ ನಿಂತರೆ ಕಳ್ಳ ಸಿಕ್ಕಂತೆ. ಮುಧೋಳ ರಸ್ತೆಯಲ್ಲಿ ಅರ್ಧ ತಾಸಿನ ಕೆಲಸ ಎಂದು ರಾಯರನ್ನು ಗ್ಯಾರೇಜಿನಲ್ಲೇ ಕೂರಿಸಿ ಹೊರಟ.

ಪಕ್ಕದ ನೂಲಿನ ಅಂಗಡಿಯ ಸಂಜಯ ಯಾರೂ ಕರೆಯದೆಯೇ ಮುಂದಿನ ಸೀಟಿನಲ್ಲಿ ಕೂತಿದ್ದ. ಅವನ ಪ್ರಕಾರ ದೋಷ ಸ್ಟೇರಿಂಗಿನಲ್ಲಿತ್ತು. ಎದುರುಮನೆಯ ದಾನಮ್ಮ, ಹೇಗೂ ಮುಧೋಳದ ಕಡೆ ಹೊರಟಿದ್ದಾನಲ್ಲ ಎಂದು ಸೀರೆಯ ಗಂಟುಗಳ ಜೊತೆ ಇಬ್ಬರು ತಂಗಿಯರನ್ನೂ ಹತ್ತಿಸಿ ತಾನೂ ಹತ್ತಿದಳು. ಕಾರು ಮದುವೆಯ ಟೆಂಪೋ ಆಯಿತು.

ವೇಗದ ಮುಳ್ಳು ಐವತ್ತೈದು ಮುಟ್ಟಿದಾಗಲೆಲ್ಲ ದಾನಮ್ಮ ಹಿಂದಿನಿಂದ ಹೆಗಲು ತಟ್ಟುತ್ತಿದ್ದಳು.

"ಸಾವಕಾಶ ಹೊಡಿಯೋ ತಮ್ಮಾ, ಹೊಟ್ಟಿ ತೊಳಸಾಕತ್ತೈತಿ."

ಅವಳು ಸುಮ್ಮನಾದರೆ ಮುಂದೆ ಎರಡು ಟ್ರೇಲರಿನ ಕಬ್ಬಿನ ಟ್ರ್ಯಾಕ್ಟರ್ ಅಡ್ಡ ಬರುತ್ತಿತ್ತು. ಮುಧೋಳ ಮುಟ್ಟಿದರೂ ಬಿಡುಗಡೆ ಸಿಗಲಿಲ್ಲ. ಸೀರೆ ಕೊಡಬೇಕಾದ ಅಂಗಡಿಯ ಓಣಿ ದಾನಮ್ಮನಿಗೆ ಮರೆತಿತ್ತು. ಐದು ಜನ, ಹನ್ನೊಂದು ಗಂಟು ಹೊತ್ತ ಕಾರು ಪೇಟೆಯಲ್ಲಿ ನಾಲ್ಕು ಸಲ ಸುತ್ತಿತು. ಇಪ್ಪತ್ತರ ವೇಗದಲ್ಲಿ ಅದು ತೊಟ್ಟಿಲಿನಷ್ಟು ಮೆತ್ತಗೆ ಸಾಗುತ್ತಿತ್ತು. ಮಾಂತೇಶ ಬೇಸರಪಡಲಿಲ್ಲ. ಎಣ್ಣೆ ಚೆನ್ನಾಗಿ ಕಾಯಲಿ, ಪರೀಕ್ಷೆಗೆ ಅದೂ ಬೇಕು ಎಂದುಕೊಂಡ.

ಹೆಂಗಸರು ಇಳಿದ ಮೇಲೆ, ಊರ ಹೊರಗಿನ ನೇರ ರಸ್ತೆಯಲ್ಲಿ ಎಂಜಿನ್ನಿನ ಸುತ್ತು ತೋರಿಸುವ ಯಂತ್ರ ಜೋಡಿಸಿದ ಮೊಬೈಲನ್ನು ಸಂಜಯನ ಕೈಗೆ ಕೊಟ್ಟ. ನಡುಕ ಶುರುವಾದಾಗ ಅಂಕಿ ಓದು ಎಂದ. ನಡುಕ ಶುರುವಾಯಿತು.

"ಹನ್ನೆರಡು ನಲವತ್ತು," ಎಂದ ಸಂಜಯ.

ಇಷ್ಟು ಕಡಿಮೆ ಹೇಗೆ ಎಂದು ಮಾಂತೇಶ ಬೆವರಿದ. ಬ್ರೇಕು ಮುಟ್ಟಿ ಮತ್ತೆ ಕೇಳಿದರೆ ಹನ್ನೆರಡು ನಲವತ್ತೊಂದು. ಗಾಡಿ ನಿಲ್ಲಿಸಿ ನೋಡಿದಾಗ ಸಂಜಯ ಓದುತ್ತಿದ್ದದ್ದು ಮೊಬೈಲಿನ ಗಡಿಯಾರ. ತಿರುಗಿಸಿಕೊಂಡು ಬಂದು ಮೊದಲಿನಿಂದ ಶುರು ಮಾಡಬೇಕಾಯಿತು.

ಈ ಸಲ ತಪ್ಪಲಿಲ್ಲ. ಅರವತ್ತೈದಕ್ಕೆ ಸರಿಯಾಗಿ ತಗಡಿನ ಮೇಲೆ ಜೋಳ ಸುರಿದಂತೆ ಗಾಡಿ ನಡುಗಿತು. ಬ್ರೇಕು ಮುಟ್ಟಿದ. ನಡುಕ ಕತ್ತರಿಸಿದಂತೆ ನಿಂತಿತು, ಎಂಜಿನ್ನಿನ ಸುತ್ತು ಇನ್ನೂರೈವತ್ತು ಏರಿತು. ಮೂರು ಸಲವೂ ಹಾಗೇ. ರಸ್ತೆಯ ಬದಿಗೆ ನಿಲ್ಲಿಸಿ ಗೇರ್‌ಬಾಕ್ಸಿನ ಎಣ್ಣೆ ಅಳೆಯುವ ಕಡ್ಡಿ ಎಳೆದು ಮೂಸಿದ. ಕಪ್ಪು ಎಣ್ಣೆ, ಸುಟ್ಟ ವಾಸನೆ. ಗೇರ್‌ಬಾಕ್ಸು ಕೆಳಗಿಳಿಸಿ ಕನ್ವರ್ಟರನ್ನೇ ಬದಲಿಸಬೇಕು. ಅವನ ಗ್ಯಾರೇಜಿಗೆ ಇಷ್ಟು ದೊಡ್ಡ ಕೆಲಸ ಬಂದಿರಲಿಲ್ಲ. ಸ್ಟೇರಿಂಗಿನ ತಪ್ಪಿಲ್ಲವೆಂದು ಸಂಜಯನೂ ಒಪ್ಪಿದ. ದಾರಿಯುದ್ದಕ್ಕೂ ಮಾಂತೇಶ ರಾಯರಿಗೆ ಹೇಳುವ ಮಾತುಗಳನ್ನು ಜೋಡಿಸುತ್ತ ಬಂದ.

ಗ್ಯಾರೇಜಿನಲ್ಲಿ ರಾಯರ ಪಕ್ಕ ಕೂತು ಮುಧೋಳದ ರಾಮಲಿಂಗಪ್ಪ ಚಹಾ ಕುಡಿಯುತ್ತಿದ್ದರು. ರಾಮಲಿಂಗಪ್ಪನೆಂದರೆ ಮಾಂತೇಶನ ಹೆಂಡತಿ ಶೇವಂತಿಯ ಅಪ್ಪ. ಪೇಟೆಯಲ್ಲಿ ಕಾರು ನೋಡಿ, ದಾನಮ್ಮನನ್ನು ಕೇಳಿ ಮಾಲೀಕರು ಯಾರೆಂದು ತಿಳಿದು, ಗೆಳೆಯನ ಬೈಕು ಹತ್ತಿ ಬಂದು ಕಾರು ಕೊಳ್ಳುವ ವ್ಯವಹಾರ ಮುಗಿಸಿಬಿಟ್ಟಿದ್ದರು.

"ನಡಗತೈತಿ ಅಂತ ನಾ ಖರೇನ ಹೇಳೇನಿ," ಎಂದರು ರಾಯರು. "ಅವರು ಕೇಳಲಿಲ್ಲ."

"ಅಷ್ಟು ಮಂದಿನ್ನ ಹೇರಕೊಂಡು ನಾಲ್ಕ ಸಲ ಸುತ್ತಿದ್ರಿ ಅಳ್ಯಾರ, ಕಣ್ಣಾರೆ ನೋಡೇನಿ," ಎಂದರು ಮಾವ. "ಇನ್ನ ಸಣ್ಣ ಪುಟ್ಟದ್ದಿದ್ರ ಮನಿಯಾಗ ನೀವ ಅದೀರಲ್ಲ."

ಲಾಕ್‌ಅಪ್ಪೇ ಹೌದೋ ಎಂದು ರಾಯರು ಕುತೂಹಲದಿಂದ ಕೇಳಿದರು. ಹೌದ್ರಿ, ಅದೇ, ಗೇರ್‌ಬಾಕ್ಸು ಇಳಿಸಬೇಕು ಎಂದ ಮಾಂತೇಶ. ಇಂಥ ಮಿಸ್ತ್ರಿಯನ್ನು ಎಲ್ಲೂ ಕಂಡಿಲ್ಲ ಎಂದು ರಾಯರು ಕೈಕುಲುಕಿ ಜಮಖಂಡಿ ಬಸ್ಸಿಗೆ ಹೊರಟರು.

ಬಿಚ್ಚಿ ಜೋಡಿಸಲು ಎಷ್ಟು ದಿನ ಬೇಕೆಂದು ಮಾವ ವಿಚಾರಿಸಿದರು. ಸಾಮಾನು ಬರಬೇಕು, ಒಂದು ತಿಂಗಳಾದರೂ ಬೇಕು ಎಂದ ಮಾಂತೇಶ, ಕೇಳಿ ಹೆದರಿ ಕಾರು ಕೊಳ್ಳುವುದನ್ನೇ ಕೈಬಿಟ್ಟಾರೆಂಬ ಆಸೆಯಿಂದ.

"ಏನ ಅವಸರಿಲ್ಲ," ಎಂದು ರಾಮಲಿಂಗಪ್ಪ ಲೋಟ ಕೆಳಗಿಟ್ಟರು. "ಅಲ್ಲೀತನಾ ನಿಮ್ಮ ಮನ್ಯಾಗ ಇರತೇನಿ. ಶೇವಂತಿಗೆ ಆಗಳೇ ಫೋನ್ ಮಾಡೇನಿ."