ರಸ್ತೆಯ ಮೇಲಿನ ಹುರುಳಿಯೂ ನನ್ನ ಬಾಯಿಯೂ

ಸಿಟ್ಟು ಬಂದಾಗ ಒಂದರಿಂದ ಹತ್ತರವರೆಗೆ ಎಣಿಸಬೇಕು ಎಂದು ಉಪದೇಶ ಮಾಡುವವರನ್ನು ಕಂಡರೂ ನನಗೆ ಸಿಟ್ಟು ಬರುತ್ತದೆ. ನಾನು ಎಣಿಸಿ ನೋಡಿದ್ದೇನೆ. ಏಳಕ್ಕೆ ಬರುವಷ್ಟರಲ್ಲಿ ಹಳೆಯ ಇನ್ನೆರಡು ವಿಷಯ ನೆನಪಾಗಿ ಸಿಟ್ಟು ಹೆಚ್ಚುತ್ತದೆ. ಮೂವತ್ತೆರಡು ವರ್ಷ ಶೆಟ್ಟಿಕೆರೆ ಸುತ್ತಿನ ಹಳ್ಳಿಗಳಿಗೆ ಸೈಕಲ್ ಮೇಲೆ ಅಂಚೆ ಹಂಚಿದವನು ನಾನು. ನಿವೃತ್ತನಾಗಿ ಐದು ವರ್ಷ ಕಳೆದರೂ ಊರಿನವರ ಬಾಯಲ್ಲಿ ಇನ್ನೂ ಪೋಸ್ಟಣ್ಣನೇ. ವಿಳಾಸದಲ್ಲಿ ‘ತೆಂಗಿನ ತೋಟದ ಪಕ್ಕದ ಮನೆ’ ಎಂದಷ್ಟೇ ಬರೆದು ಕಳಿಸುವ ಪುಣ್ಯಾತ್ಮರಿದ್ದರು. ನಮ್ಮ ಸೀಮೆಯಲ್ಲಿ ತೆಂಗಿನ ತೋಟದ ಪಕ್ಕ ಇಲ್ಲದ ಮನೆ ಯಾವುದು, ನೀವೇ ಹೇಳಿ. ಅಂಥ ಕಾಗದವನ್ನೂ ಬೈದುಕೊಂಡೇ ಸರಿಯಾದ ಬಾಗಿಲಿಗೆ ಮುಟ್ಟಿಸಿದ್ದೇನೆ. ಬೈಯುವುದು ನನಗೆ ಉಸಿರಾಡಿದಷ್ಟೇ ಸಲೀಸು.

ಹೀಗಿರುವಾಗ ಕಳೆದ ಚಳಿಗಾಲದ ಶುರುವಿನಲ್ಲಿ ತುಮಕೂರಿನಿಂದ ಒಬ್ಬ ಡಾಕ್ಟರಮ್ಮ ನಮ್ಮ ಕೆರೆ ಏರಿಯ ಮೇಲೆ ಬಂದಿಳಿದರು. ಅವರದೊಂದು ಸೈಕಲ್ ತಂಡವಂತೆ. ಚಿಕ್ಕನಾಯಕನಹಳ್ಳಿಯವರೆಗೆ ಕಾರಿನ ನೆತ್ತಿಗೆ ಸೈಕಲ್ ಕಟ್ಟಿಕೊಂಡು ಬಂದು, ಅಲ್ಲಿಂದ ತುಳಿಯುತ್ತಾರಂತೆ. ಸೈಕಲ್ಲನ್ನೇ ಕಾರಿನಲ್ಲಿ ಕೂರಿಸುವವರನ್ನು ನಾನು ಅದೇ ಮೊದಲು ನೋಡಿದ್ದು. “ತೋಟಗಳ ನಡುವೆ ಎಷ್ಟು ಚೆಂದದ ರಸ್ತೆ ಅಂಕಲ್ ಇದು. ಊರಲ್ಲೇ ತಿಂಡಿ ಸಿಗೋ ಹಾಗಿದ್ರೆ ಪ್ರತಿ ಭಾನುವಾರ ಇಲ್ಲಿಗೇ ಬರ್ತೀವಿ,” ಎಂದರು ಆಕೆ. ಇದೇ ರಸ್ತೆಯಲ್ಲಿ ನಾನು ಮೂವತ್ತೆರಡು ವರ್ಷ ತುಳಿದಾಗ ಅದನ್ನು ಯಾರೂ ಪ್ರವಾಸ ಎನ್ನಲಿಲ್ಲ. ‘ಯಾಕಣ್ಣ ಲೇಟು’ ಎಂದರು, ಅಷ್ಟೆ. ಆದರೂ ನಿಜ ಹೇಳಿಬಿಡುತ್ತೇನೆ, ಒಳಗೊಳಗೇ ಹಿಗ್ಗಿದೆ. ನನ್ನ ಬೆಲ್ ಕೇಳಿ ಯಾರಾದರೂ ಬಾಗಿಲಿಗೆ ಬಂದು ವರ್ಷಗಳೇ ಆಗಿದ್ದವು. ಮುಂದೆ ನಾನು, ಹಿಂದೆ ಪಟ್ಟಣದ ಸೈಕಲ್ಲುಗಳು ಎಂದು ಆಗಲೇ ಕಲ್ಪಿಸಿಕೊಂಡಿದ್ದೆ. ಏರಿಯ ಪಕ್ಕದಲ್ಲಿ ಸಿದ್ದಗಂಗಮ್ಮನ ತಟ್ಟೆ ಇಡ್ಲಿ ಹೋಟೆಲ್ ಇತ್ತು. ಬಸ್ ನಿಲ್ಲುವ ಜಾಗ ಸರ್ಕಲ್ಲಿಗೆ ಹೋದಮೇಲೆ ಗಿರಾಕಿಯಿಲ್ಲದೆ ಮುಚ್ಚಿತ್ತು. ನಾನು ಸುದ್ದಿ ಹೇಳಿದ್ದೇ ತಡ, ಆಕೆ ಅಟ್ಟದಿಂದ ಪಾತ್ರೆ ಇಳಿಸಿ ಹುಣಸೆಹಣ್ಣು ಹಾಕಿ ತಿಕ್ಕಲು ಕೂತಳು. “ಇವರು ಬಂದ್ರೆ ಒಲೆ ಹತ್ಸದು, ಬರ್ದಿದ್ರೆ ತಟ್ಟೆನೆಲ್ಲ ಗುಜರಿಗೆ ಹಾಕಿ ತವರಿಗೆ ಹೋಗದು ಕಣಣ್ಣ,” ಎಂದಳು. ಅವಳ ಮುಖ ನೋಡಿ ನಾನೂ ಜವಾಬ್ದಾರಿಯ ಮನುಷ್ಯನಂತೆ ಕೆಮ್ಮಿದೆ.

ಪಂಚಾಯಿತಿ ಕಟ್ಟೆಯ ಮೇಲೆ ಸಭೆ ಸೇರಿತು. ಒಬ್ಬರು ಊರಬಾಗಿಲಿಗೆ ಸಿಮೆಂಟಿನ ತೆಂಗಿನಕಾಯಿ ಮಾಡಿಸೋಣ ಎಂದರು. ಸುತ್ತ ಸಾವಿರಾರು ಮರ ನಿಜವಾದ ಕಾಯಿ ಹೊತ್ತು ನಿಂತಿರುವಾಗ ಸಿಮೆಂಟಿನದು ಯಾಕೆ ಎಂದು ನಾನು ಎದ್ದು ನಿಂತು ಕೂಗಾಡಿದೆ. ನಿಜವಾದ ತೊಂದರೆ ಬೇರೆಯೇ ಇತ್ತು, ಅದು ಹುರುಳಿ. ಪ್ರವಾಸಿಗರಿಗೆ ಹಿತವಾದ ಹವೆ ಎಂದರೆ ನಮಗೆ ಒಕ್ಕಣೆಯ ಕಾಲ. ಹಿಂದಿನವರು ಕಣ ಮಾಡುತ್ತಿದ್ದ ಜಾಗದಲ್ಲೆಲ್ಲ ನಾವು ತೆಂಗಿನ ಸಸಿ ನೆಟ್ಟು, ಟಾರು ರಸ್ತೆಯನ್ನೇ ಕಣ ಮಾಡಿಕೊಂಡಿದ್ದೇವೆ. ಹುರುಳಿ ಗಿಡ ಹರಡಿದರೆ ಬಸ್ಸು, ಲಾರಿ, ಟ್ರ್ಯಾಕ್ಟರುಗಳೇ ತುಳಿದು ಕಾಳು ಉದುರಿಸಿ ಹೋಗುತ್ತವೆ. ಆ ಜಾಗಕ್ಕೂ ಪೈಪೋಟಿ. ಹಿಂದಿನ ಸಂಜೆಯೇ ಕಲ್ಲಿಟ್ಟು ಕಾಯುತ್ತಾರೆ. ಸೈಕಲ್ ಚಕ್ರದಡಿ ಹುರುಳಿ ಕಾಳು ಸಿಕ್ಕಿತೋ, ಮುಂದಿನದು ಸವಾರನ ಕೈಯಲ್ಲಿಲ್ಲ. ನಾನೇ ಒಮ್ಮೆ ಜಾರಿ ಬಿದ್ದು, ಒಂದು ಚೀಲ ಲಗ್ನಪತ್ರಿಕೆಗಳನ್ನು ಹುರುಳಿ ಸೊಪ್ಪಿನಿಂದ ಹೆಕ್ಕಿಕೊಂಡಿದ್ದೇನೆ.

ಹಾಗಾಗಿ ಭಾನುವಾರ ಒಂದು ದಿನ ರಸ್ತೆಗೆ ಏನೂ ಹಾಕಬೇಡಿ ಎಂದೆ. ಎದುರು ಮನೆಯ ಕೆಂಪಯ್ಯನಿಗೆ ಇದು ಸರಿಬೀಳಲಿಲ್ಲ. “ಅಲ್ಲ ಪೋಸ್ಟಣ್ಣ, ಸೈಕಲ್ನೋರು ಬಂದ್ರೆ ಒಂದು ಕಾಳಾದ್ರೂ ಉದುರ್ತದಾ? ಕರೆಸಾದೇ ಆದ್ರೆ ಲಾರೀಲಿ ಬರೋ ಟೂರಿಸ್ಟ್‌ನೋರ್ನ ಕರೆಸು,” ಎಂದ. ಅವನಿಗೆ ಬೈದೆ. ಆಮೇಲೆ ಮನೆಮನೆಗೆ ಹೋಗಿ, ಒಪ್ಪಿದವರಿಗೆ ಕೈಮುಗಿದು, ಒಪ್ಪದವರನ್ನು ಬೈದು ಒಪ್ಪಿಸಿದೆ. ಶನಿವಾರ ಸಂಜೆಯ ಹೊತ್ತಿಗೆ ಊರೇ “ಆಯ್ತು ಬುಡು” ಎಂದಿತ್ತು.

ಭಾನುವಾರ ಬೆಳಿಗ್ಗೆ ಡಾಕ್ಟರಮ್ಮ ಹದಿನೆಂಟು ಜನರನ್ನು ಕರೆದುಕೊಂಡು ಬಂದರು. ನಾನು ಹಳೆಯ ಸೈಕಲ್ಲಿಗೆ ಎಣ್ಣೆ ಬಿಟ್ಟು, ಇಸ್ತ್ರಿಯಾದ ಅಂಗಿ ಹಾಕಿಕೊಂಡು ಮುಂದೆ ಹೊರಟೆ. ರಸ್ತೆ ಗುಡಿಸಿಟ್ಟ ಅಂಗಳದ ಹಾಗಿತ್ತು. ಸಿದ್ದಗಂಗಮ್ಮನ ಹೋಟೆಲಿಗೆ ಇನ್ನೊಂದೇ ತಿರುವು. ತಿರುಗಿದರೆ ಈ ಅಂಚಿನಿಂದ ಆ ಅಂಚಿನವರೆಗೆ, ಒಂದಡಿ ಜಾಗ ಬಿಡದೆ ಹುರುಳಿ. ನನಗೆ ಅಭ್ಯಾಸವಿತ್ತು, ಕಾಲು ಕೊಟ್ಟು ನಿಂತುಕೊಂಡೆ. ಡಾಕ್ಟರಮ್ಮನಿಗೆ ಇರಲಿಲ್ಲ. ಸೈಕಲ್ ಒಂದು ಕಡೆ, ಆಕೆ ಒಂದು ಕಡೆ. ಸೊಪ್ಪಿನ ಮೇಲೆ ಬಿದ್ದದ್ದರಿಂದ ಮೊಣಕೈ ತರಚಿದ್ದಷ್ಟೇ ಪುಣ್ಯ.

ನಾನು ರಸ್ತೆಯ ಮಧ್ಯೆ ನಿಂತು ಶುರು ಮಾಡಿದೆ. ಈ ಹುರುಳಿ ಹಾಕಿದವರ ಮನೆಯಲ್ಲಿ ಮರ್ಯಾದೆ ಅನ್ನುವ ಪದಾರ್ಥ ಏಳು ತಲೆಮಾರಿನಿಂದ ಇಲ್ಲ ಎಂದೆ. ಇಂಥವರನ್ನು ಹೆತ್ತವರಿಗೆ ಅಂದೆ, ಇಂಥವರನ್ನು ಕಟ್ಟಿಕೊಂಡವರಿಗೂ ಅಂದೆ. ಜನ ಸೇರಿದರು, ಒಬ್ಬರೂ ತುಟಿ ಬಿಚ್ಚಲಿಲ್ಲ. ಅವರ ಮೌನ ನೋಡಿ ನನ್ನ ಮಾತು ನಾಟುತ್ತಿದೆ ಎಂದುಕೊಂಡು ಇನ್ನಷ್ಟು ಏರಿಸಿದೆ. ಕೊನೆಗೆ ಕೆಂಪಯ್ಯ ಹತ್ತಿರ ಬಂದು, “ಸಾಕು ಮಾಡು ಪೋಸ್ಟಣ್ಣ, ಬೈದಿದ್ದೆಲ್ಲ ನಿನ್ನ ತಲೆ ಮೇಲೇ ಬೀಳ್ತಾ ಅದೆ. ಇದು ನಿಮ್ದೇ ಹುರುಳಿ ಕಣಣ್ಣ,” ಎಂದ.

ತೆಂಗಿನ ಮರದ ಪಕ್ಕದಿಂದ ಪೊರಕೆ ಹಿಡಿದ ನನ್ನ ಹೆಂಡತಿ ಗಿರಿಜ ಈಚೆ ಬಂದಳು. ಮುಖದಲ್ಲಿ ಅಂಜಿಕೆಯೂ ಇರಲಿಲ್ಲ, ಅಳುಕೂ ಇರಲಿಲ್ಲ. “ಪ್ರತಿ ವರ್ಷ ನನಗೆ ಒಂದು ಮಾರು ಜಾಗ ಸಿಕ್ತಿರ್ಲಿಲ್ಲ ಕಣ್ರೀ. ಇವತ್ತು ನೋಡಿದ್ರೆ ನಿಮ್ಮ ದಯದಿಂದ ರಸ್ತೆನೇ ಖಾಲಿ. ಊರಿಗೆಲ್ಲ ಹೇಳ್ಕಂಡು ತಿರುಗಿದ್ರಲ್ಲ, ನಂಗೆ ಹಾಕ್ಬೇಡ ಅಂತ ಯಾವಾಗ ಹೇಳಿದ್ರಿ?” ಎಂದು ಕೇಳಿದಳು.

ಮರ್ಯಾದಸ್ಥನಾಗಿದ್ದರೆ ಅಲ್ಲಿಗೆ ನಕ್ಕು ಸುಮ್ಮನಾಗುತ್ತಿದ್ದ. ನಾನು ಗಿರಿಜಳಿಗೆ ಬೈದೆ, ಮೊದಲೇ ಹೇಳದ ಕೆಂಪಯ್ಯನಿಗೆ ಬೈದೆ, ಕಣಕ್ಕೆ ಜಾಗ ಉಳಿಸದ ತೆಂಗಿನ ಮರಗಳಿಗೆ ಬೈದೆ. ಆ ರಭಸದಲ್ಲೇ, ಸೈಕಲ್ ತುಳಿಯುವವರು ಆಕಾಶ ನೋಡುವುದಲ್ಲ, ನೆಲ ನೋಡಿಕೊಂಡು ತುಳಿಯಬೇಕು ಎಂದು ಡಾಕ್ಟರಮ್ಮನಿಗೂ ಅಂದುಬಿಟ್ಟೆ. ಗಿರಿಜ ಅವರ ಮೊಣಕೈ ತೊಳೆದು ಅರಿಶಿನ ಹಚ್ಚಿದಳು. ಎಲ್ಲರೂ ಇಳಿದು ಸೈಕಲ್ ತಳ್ಳಿಕೊಂಡು ಹೋಗಿ ಸಿದ್ದಗಂಗಮ್ಮನ ಇಡ್ಲಿ, ಹುಚ್ಚೆಳ್ಳು ಚಟ್ನಿ ತಿಂದರು. ನಾನು ಸಿಟ್ಟಿನಲ್ಲಿ ನಮ್ಮನೆ ಜಗಲಿಯ ಮೇಲೇ ಕೂತೆ. ಒಂದು ಸಲ ಕರೆದರು, ಎರಡನೆಯ ಸಲ ಕರೆಯಲಿಲ್ಲ.

ಗುರುವಾರ ಸಿದ್ದಗಂಗಮ್ಮ ಮೊಬೈಲ್ ಹಿಡಿದುಕೊಂಡು ನಮ್ಮನೆಗೆ ಬಂದಳು. ಅದರಲ್ಲಿ ಡಾಕ್ಟರಮ್ಮ ಮಾತಾಡಿ ಕಳಿಸಿದ್ದನ್ನು ನನಗೂ ಕೇಳಿಸಿದಳು. “ರಸ್ತೆ ಚೆನ್ನಾಗಿದೆ, ನಿಮ್ಮ ತಿಂಡಿ ಇನ್ನೂ ಚೆನ್ನಾಗಿತ್ತು. ಹುರುಳಿ ಹಾಕಿದ್ರೂ ಪರವಾಗಿಲ್ಲ, ಇಳಿದು ತಳ್ಕೊಂಡು ಬರ್ತೀವಿ. ಪ್ರತಿ ಭಾನುವಾರ ಬರೋಣ ಅಂತ ಎಲ್ಲರಿಗೂ ಆಸೆ. ಆದರೆ ಆ ಅಂಕಲ್... ಇನ್ಮೇಲೆ ಮಕ್ಕಳೂ ಬರ್ತಾರೆ, ಹೆದರ್ಕೋತಾರೆ. ಅವರಿಲ್ಲದ ಹಾಗೆ ಏನಾದ್ರೂ ಮಾಡಕ್ಕಾಗುತ್ತಾ?” ಸಿದ್ದಗಂಗಮ್ಮ ಸೆರಗಿನ ತುದಿ ಹೊಸೆಯುತ್ತಾ ನಿಂತಳು. “ನೀನೇ ಕರ್ಕಂಡು ಬಂದೋನು. ನೀನು ಬ್ಯಾಡ ಅಂದ್ರೆ ನಾನು ಬ್ಯಾಡ ಅಂದ್ಬುಡ್ತೀನಿ ಪೋಸ್ಟಣ್ಣ,” ಎಂದಳು. “ಇಲ್ಯಾಕೆ ನಿಂತಿದ್ದೀಯ, ಹೋಗಿ ಅಕ್ಕಿ ನೆನೆಹಾಕು,” ಎಂದು ಅವಳ ಮೇಲೂ ರೇಗಿದೆ.

ಈಗ ಪ್ರತಿ ಭಾನುವಾರ ಮೊದಲ ಬಸ್ಸಿಗೆ ನಾನು ಮಾಯಸಂದ್ರದ ಮಗಳ ಮನೆಗೆ ಹೊರಡುತ್ತೇನೆ. ನಮ್ಮೂರಿಗೆ ಪ್ರವಾಸಿಗರನ್ನು ತರಲು ಹೊರಟು, ಊರಿನಿಂದ ಪ್ರವಾಸ ಹೋಗುವ ಒಬ್ಬನೇ ಮನುಷ್ಯ ನಾನಾಗಿದ್ದೇನೆ. ಕಂಡಕ್ಟರ್ “ಏನ್ ಪೋಸ್ಟಣ್ಣ, ವಾರವಾರ ಟೂರು?” ಎಂದು ಕೇಳಿದ್ದಕ್ಕೆ ಅವನಿಗೂ ಸರಿಯಾಗಿ ಕೊಟ್ಟೆ. ಬಸ್ಸು ನಮ್ಮೂರಿನ ಎಲ್ಲೆ ದಾಟುವಷ್ಟರಲ್ಲಿ ಎದುರಿನಿಂದ ಬಣ್ಣಬಣ್ಣದ ಹೆಲ್ಮೆಟ್ಟುಗಳು ಬರುತ್ತವೆ. ಹೋದ ವಾರ ಇಪ್ಪತ್ತಾರು ಇದ್ದವು. ಎಣಿಸಿ ಮುಗಿದ ಕೂಡಲೇ ತಲೆಯನ್ನು ಕಿಟಕಿಯಿಂದ ಒಳಕ್ಕೆ ಎಳೆದುಕೊಂಡು ಸೀಟಿನಲ್ಲಿ ಬಗ್ಗಿ ಕೂರುತ್ತೇನೆ. ನನ್ನನ್ನು ಕಂಡು ಎಲ್ಲಿ ವಾಪಸ್ ತಿರುಗಿಬಿಡುತ್ತಾರೋ ಎಂದು ಭಯ.