ತೊಟ್ಟಿಲಿಗೆ ನಮ್ಮ ಮನೆಯವರ ಹೆಸರಿಟ್ಟ ಬಗ್ಗೆ

ಇವರಿಗೆ,
ಮಾನ್ಯ ಮುಖ್ಯ ವ್ಯವಸ್ಥಾಪಕರು,
ಗಿರಕಿನಗರಿ ವಿನೋದವನ.

ವಿಷಯ: ತಮ್ಮ ಹದಿನೆಂಟನೆಯ ಆಟದ ಹೆಸರು ಬದಲಾದ್ದರಿಂದ ನನಗಾದ ಒಂಬತ್ತು ಸೆಕೆಂಡುಗಳ ನಷ್ಟದ ಕುರಿತು.

ಮಾನ್ಯರೇ,

ತಾವು, ತಮ್ಮ ಸಿಬ್ಬಂದಿವರ್ಗ, ತಮ್ಮ ಇಪ್ಪತ್ಮೂರು ಆಟಗಳು ಹಾಗೂ ಬಾಗಿಲಲ್ಲೇ ನಿಂತು ಒಳಬರುವವರ ಇಸ್ತ್ರಿ ಮಾಡಿದ ಬಟ್ಟೆಯ ಮೇಲೆ ಸೊಂಡಿಲಿನಿಂದ ನೀರೆರಚುವ ಸಿಮೆಂಟಿನ ಆನೆ, ಎಲ್ಲರೂ ಕುಶಲವೆಂದು ನಂಬಿದ್ದೇನೆ. ವಿಜಯಪುರದಲ್ಲಿ ನಾವೂ ಕುಶಲ, ನಮ್ಮ ಬಿಸಿಲೂ ಕುಶಲ.

ಕಳೆದ ಒಂಬತ್ತು ವರ್ಷಗಳಿಂದ ಜೋರಾಪುರ ಪೇಟೆಯ ನಮ್ಮ ಓಣಿಯ ಇಪ್ಪತ್ತು ಹೆಣ್ಣುಮಕ್ಕಳು ವರ್ಷಕ್ಕೊಮ್ಮೆ ಮಿನಿಬಸ್ಸು ಮಾಡಿಕೊಂಡು, ಐದು ತಾಸಿನ ದಾರಿ ಸವೆಸಿ ತಮ್ಮಲ್ಲಿಗೆ ಬರುವ ಪದ್ಧತಿ ಇರುವುದು ತಮಗೆ ತಿಳಿದಿರಲಿಕ್ಕಿಲ್ಲ. ಉಳಿದ ಹತ್ತೊಂಬತ್ತು ಮಂದಿ ಆಡಿ, ನಕ್ಕು, ವಾಂತಿ ಮಾಡಿಕೊಂಡು, ಮನೆಗೆ ಬಂದು ಮರೆತುಬಿಡುತ್ತಾರೆ. ನನ್ನಿಂದ ಅದಾಗದು. ವರ್ಷದಲ್ಲಿ ಒಂದೇ ದಿನ ಸಿಗುವ ಗಿರಕಿನಗರಿಯನ್ನು ಮಿಕ್ಕ ಮುನ್ನೂರ ಅರವತ್ನಾಲ್ಕು ದಿನಗಳಿಗೆ ಸಾಲುವಂತೆ ಹೇಗೆ ಹಂಚಿಕೊಳ್ಳಬೇಕು ಎಂಬುದು ನನ್ನ ದೊಡ್ಡ ಚಿಂತೆಯಾಗಿತ್ತು. ಫೋಟೋ ತೆಗೆಯೋಣವೆಂದರೆ ತಾವು ದಯೆಯಿಟ್ಟು ಮೊಬೈಲನ್ನು ಬಾಗಿಲಲ್ಲೇ ಕಸಿದು ಪೆಟ್ಟಿಗೆಯಲ್ಲಿಡುತ್ತೀರಿ. ಆದ್ದರಿಂದ ತಲೆಯೊಂದೇ ಗತಿಯಾಯಿತು. ಅದಕ್ಕಾಗಿ ತಮಗೆ ಋಣಿಯಾಗಿದ್ದೇನೆ.

ನನ್ನ ಅಭ್ಯಾಸದ ಕ್ರಮವನ್ನು ತಮ್ಮ ಅವಗಾಹನೆಗಾಗಿ ವಿವರಿಸುತ್ತೇನೆ. ನಾನು ಟಿಕೋಟಾದ ಒಂದು ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕಿ. ದಿನಾ ಬೆಳಿಗ್ಗೆ ಬಸ್ಸು ಹತ್ತಿ, ಕಂಡಕ್ಟರ್ ಪರಸಪ್ಪನವರು ಸೀಟಿ ಊದಿದೊಡನೆ ನಾನು ಕಣ್ಣು ಮುಚ್ಚಿ ತಮ್ಮ ಆನೆಯ ಪಕ್ಕದಿಂದ ಒಳಗೆ ಬರುತ್ತೇನೆ. ಒಂದನೆಯದು ಕಪ್ಪೆಜಿಗಿತ, ಎರಡನೆಯದು ಬುಗುರಿಮನೆ, ಮೂರನೆಯದು ನೀರಜಾರು. ಹೀಗೆ ಒಂದೊಂದೇ ಆಡುತ್ತ, ಎಲ್ಲಿ ಸರದಿ ಉದ್ದವೋ ಅಲ್ಲಿ ಸ್ವಲ್ಪ ಕಾಯುತ್ತ, ಇಪ್ಪತ್ಮೂರನೆಯದಾದ ಭೂತದ ಗವಿಯಿಂದ ಹೊರಬರುವ ಹೊತ್ತಿಗೆ ಸರಿಯಾಗಿ ಟಿಕೋಟಾ ಬಂದಿರುತ್ತದೆ. ವಾರದಲ್ಲಿ ಎರಡು ದಿನ ನನಗೆ ಬಬಲೇಶ್ವರದ ಹೆಚ್ಚುವರಿ ಪ್ರಭಾರವಿದೆ. ಆ ದಾರಿಯಲ್ಲಿ ಭೂತದ ಗವಿಯಿಂದ ಶುರುಮಾಡಿ ಆನೆಯತನಕ ಹಿಂದೆ ಬರುತ್ತೇನೆ. ಆರನೆಯದಾದ ಗಡಗಡಿ ಬಂಡಿಯ ಇಳಿಜಾರಿನಲ್ಲಿ ಒಂದು ಸಲ ನಾನು ಗಟ್ಟಿಯಾಗಿ ಕಿರುಚಿದ್ದರಿಂದ ಡ್ರೈವರ್ ಬ್ರೇಕು ಹಾಕಿ, ಮುಂದೆ ಕುಳಿತವರ ಮೊಸರಿನ ಗಡಿಗೆ ಒಡೆದದ್ದೂ ಉಂಟು. ಅಂದಿನಿಂದ ಪರಸಪ್ಪನವರು ದಿನಾ ಬಂದು ಭುಜ ತಟ್ಟಿ, “ಅಕ್ಕಾರ, ಟಿಕೋಟಾ ಬಂತು, ಇಳೀರಿ. ದಿನಾ ಎಲ್ಲಿಗಿ ಹೋಗಿರತೀರಿ ನೀವು?” ಎಂದು ಕೇಳುತ್ತಾರೆ.

ಭಾನುವಾರ ಪರೀಕ್ಷೆ. ನನ್ನ ನಾದಿನಿ ಭಾಗ್ಯಾ ಇಟ್ಟಂಗಿಹಾಳದಲ್ಲಿರುತ್ತಾಳೆ. ಅವಳ ಹೊಲದಲ್ಲಿ ಬದನೆಕಾಯಿ ಕೀಳುತ್ತ ನಾನು ಪಾಠ ಒಪ್ಪಿಸಬೇಕು, ಅವಳು ಪಟ್ಟಿ ಹಿಡಿದು ಕೇಳಬೇಕು. ಸಾಲಿಯನ್ನು ಏಳನೆಯ ಇಯತ್ತೆಗೇ ಬಿಟ್ಟ ಅವಳು ನನ್ನ ಮೇಲೆ ಆ ಸೇಡನ್ನೆಲ್ಲ ತೀರಿಸಿಕೊಳ್ಳುತ್ತಾಳೆ. “ಒಂಬತ್ತ ಆದ ಮ್ಯಾಲ ಸೀದಾ ಹನ್ನೊಂದಕ್ಕ ಜಿಗದಿಯಲ್ಲ ವೈನಿ, ಹತ್ತ ಏನ ನುಂಗಿದೇನು?” ಎಂದು ಅವಳು ಕೂಗಿದರೆ ಪಕ್ಕದ ಹೊಲದವರು ಎದ್ದು ನಿಲ್ಲುತ್ತಾರೆ.

ಇಷ್ಟು ಕಷ್ಟ ಯಾತಕ್ಕೆಂದರೆ, ತಮ್ಮ ಹತ್ತನೆಯ ವರ್ಷದ ಸಂಭ್ರಮಕ್ಕೆ ತಾವೇ ಏರ್ಪಡಿಸಿದ ಸ್ಪರ್ಧೆಗಾಗಿ. ವಿನೋದವನಕ್ಕೆ ಬೆನ್ನು ಮಾಡಿ ನಿಂತು, ಇಪ್ಪತ್ಮೂರು ಆಟಗಳ ಹೆಸರನ್ನು ಬಾಗಿಲಿನಿಂದ ಕ್ರಮವಾಗಿ ಒಂದು ನಿಮಿಷದೊಳಗೆ ಹೇಳಿದವರಿಗೆ ವರ್ಷವಿಡೀ ಇಬ್ಬರಿಗೆ ಪ್ರವೇಶದ ಪಾಸು ಎಂದು ತಾವು ಹನ್ನೊಂದು ತಿಂಗಳು ಮೊದಲೇ ಸಾರಿದಿರಿ. ಈ “ಇಬ್ಬರಿಗೆ” ಎಂಬ ಮಾತೇ ನನ್ನನ್ನು ಕೆಡಿಸಿದ್ದು. ಯಾಕೆಂದರೆ ನಮ್ಮ ಮನೆಯವರು ಒಂಬತ್ತು ವರ್ಷ ನಮ್ಮ ಜೊತೆಗೇ ಬಂದರೂ ಒಂದು ದಿನವೂ ಒಳಗೆ ಕಾಲಿಟ್ಟವರಲ್ಲ. ವಾಹನ ನಿಲ್ಲಿಸುವಲ್ಲಿ ಬೇವಿನ ಮರದ ಕೆಳಗೆ ಇಪ್ಪತ್ತು ಮಂದಿಯ ಬುತ್ತಿಗಂಟು ಕಾಯುತ್ತ, ಪೇಪರು ಓದುತ್ತ ಕೂರುತ್ತಾರೆ. ಅವರು ಪ್ರೌಢಶಾಲೆಯಲ್ಲಿ ಭೂಗೋಳ ಕಲಿಸುತ್ತಾರೆ. ಹಿಮಾಲಯದ ಎಲ್ಲ ಶಿಖರಗಳ ಎತ್ತರವನ್ನು ಬಾಯಿಪಾಠ ಹೇಳುತ್ತಾರೆ, ಬಲ್ಬು ಬದಲಿಸಲು ಸ್ಟೂಲು ಹತ್ತುವುದಿಲ್ಲ. ಪ್ರತಿವರ್ಷ ನಾನು ಕರೆಯುವುದು, ಅವರು ಪೇಪರಿನ ಹಿಂದಿನಿಂದ ಒಲ್ಲೆ ಎನ್ನುವುದು ನಡೆದೇ ಇತ್ತು. ಈ ಸಲ ಮಾತ್ರ ನನ್ನ ಕಾಟ ತಾಳಲಾರದೆ, “ಆ ಪಾಸ ಗೆದ್ದ ತಗೊಂಡ ಬಾ, ಬರತೀನಿ. ಗೆಲ್ಲಲಿಲ್ಲಂದ್ರ ಇನ್ನ ಮುಂದ ಈ ಸುದ್ದಿ ತಗೀಬ್ಯಾಡ” ಎಂದುಬಿಟ್ಟರು. ಆಕಾಶಕ್ಕೇರಿ ಸುತ್ತುವ ತಮ್ಮ ಆ ದೊಡ್ಡ ತೊಟ್ಟಿಲಿನಲ್ಲಿ ಒಂದು ಸಲ ಅವರ ಪಕ್ಕ ಕೂರಬೇಕೆಂಬುದು ನನ್ನ ಒಂಬತ್ತು ವರ್ಷದ ಆಸೆ ಮಾನ್ಯರೇ. ಹನ್ನೊಂದು ತಿಂಗಳು ಬಸ್ಸಿನಲ್ಲಿ ಕಣ್ಣು ಮುಚ್ಚಿದ್ದು ಅದೊಂದಕ್ಕೇ.

ಸ್ಪರ್ಧೆಯ ದಿನ ಭಾಗ್ಯಾಳನ್ನೂ ಕರೆದುಕೊಂಡು ಬಂದೆವು. ಆನೆ ಎಂದಿನಂತೆ ನನ್ನ ಸೀರೆ ತೋಯಿಸಿತು. ಮುಂದೆ ಹೋಗಿ ಫಲಕ ನೋಡಿದರೆ, ಹೊಸ ಬಣ್ಣದಲ್ಲಿ ಒಂದು ಹೆಸರು ಬದಲಾಗಿತ್ತು. ಹದಿನೆಂಟನೆಯ ಆಟ, ಒಂಬತ್ತು ವರ್ಷಗಳಿಂದ “ಗೋಕುಲ ತೊಟ್ಟಿಲು” ಆಗಿದ್ದದ್ದು, “ನಂದಕಿಶೋರ ತೊಟ್ಟಿಲು” ಆಗಿತ್ತು. ಕೃಷ್ಣನಿಗೆ ಸಾವಿರ ಹೆಸರುಗಳಿವೆ ಮಾನ್ಯರೇ. ಗೋಪಾಲನಿದ್ದ, ಮಾಧವನಿದ್ದ, ಮುರಾರಿ ಖಾಲಿಯೇ ಕುಳಿತಿದ್ದ. ಅವರೆಲ್ಲರನ್ನೂ ಬಿಟ್ಟು ತಾವು ನೆಟ್ಟಗೆ ನನ್ನ ಗಂಡನ ಹೆಸರಿಗೇ ಕೈಹಾಕಿದ ಸೂಕ್ಷ್ಮಬುದ್ಧಿಗೆ ಏನೆಂದು ಹೊಗಳಲಿ! ಭಾಗ್ಯಾ ಹೊಟ್ಟೆ ಹಿಡಿದುಕೊಂಡು, “ನೋಡ ವೈನಿ, ನಮ್ಮ ಅಣ್ಣನ ಹೆಸರ ಆಕಾಶಕ್ಕ ಹಚ್ಚ್ಯಾರ! ಈಗ ಹೆಂಗ ಹೇಳತಿ?” ಎಂದು ನಕ್ಕಳು.

ಹೆಂಗ ಹೇಳತಿ ಎಂಬುದೇ ಪ್ರಶ್ನೆ. ನಮ್ಮ ಕಡೆ ಹೆಣ್ಣುಮಕ್ಕಳು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. ಬರೆಯಲು ಅಡ್ಡಿಯಿಲ್ಲ, ರೇಷನ್ ಕಾರ್ಡಿನಲ್ಲಿ, ಬ್ಯಾಂಕಿನಲ್ಲಿ ಸಾಕಷ್ಟು ಸಲ ಬರೆದಿದ್ದೇನೆ, ಈ ಪತ್ರದಲ್ಲೂ ಬರೆಯುತ್ತಿದ್ದೇನೆ. ಹೇಳಲೇಬೇಕಾದರೆ ಒಡಪು ಹಾಕಿ ಹೇಳಬೇಕು, ಅಂದರೆ ಎರಡು ಸಾಲಿನ ಪದ ಕಟ್ಟಿ, ಅದರೊಳಗೆ ಹೆಸರನ್ನು ಮೆಲ್ಲಗೆ ಸೇರಿಸಬೇಕು. ಮದುವೆಯಲ್ಲಿ, ಸೀಮಂತದಲ್ಲಿ, ಹೊಸ್ತಿಲಲ್ಲಿ ಅಡ್ಡಗಟ್ಟಿ ಕೇಳುತ್ತಾರೆ; ಹೇಳದೆ ಬಿಡುವುದಿಲ್ಲ. ಇದೆಲ್ಲ ಹಳೇ ಕಾಲದ್ದು ಎಂದು ತಾವು ಹೇಳಬಹುದು. ಕಚೇರಿಯಲ್ಲಿ ನಾನೂ ಹಾಗೆಯೇ ಹೇಳುತ್ತೇನೆ. ಆದರೆ ನಾಲಿಗೆ ಪ್ರಥಮ ದರ್ಜೆಯದಲ್ಲ, ಅದು ಜೋರಾಪುರ ಪೇಟೆಯದು.

ವೇದಿಕೆ ಹತ್ತಿದೆ. ತಮ್ಮ ನಿರೂಪಕರು ಗಡಿಯಾರ ಒತ್ತಿದರು. ಕಪ್ಪೆಜಿಗಿತದಿಂದ ಹೊರಟು ನಲವತ್ತೇ ಸೆಕೆಂಡಿನಲ್ಲಿ ಹದಿನೇಳು ಆಟ ಮುಗಿಸಿದೆ. ಪರಸಪ್ಪನವರ ಬಸ್ಸೂ ಅಷ್ಟು ವೇಗವಾಗಿ ಎಂದೂ ಓಡಿಲ್ಲ. ಹದಿನೆಂಟಕ್ಕೆ ಬಾಯಿ ಕಚ್ಚಿಕೊಂಡಿತು. ಎದುರಿಗೆ ಓಣಿಯ ಹತ್ತೊಂಬತ್ತೂ ಮಂದಿ ಸಾಲಾಗಿ ನಿಂತಿದ್ದರು. ಅವರಲ್ಲಿ ಹಿರಿಯಳಾದ ಸಾವಂತ್ರವ್ವ ಕೈಯೆತ್ತಿ, “ಹಂಗ ಹೇಳಬ್ಯಾಡ ಹೀರಾಬಾಯಿ, ಒಡಪ ಹಾಕಿ ಹೇಳ!” ಎಂದು ಕೂಗಿದಳು. ಮೈಕು ಬಾಯಿಯ ಹತ್ತಿರವೇ ಇತ್ತು. ನಾನು ಯೋಚಿಸಿ ಕಟ್ಟಿದ್ದಲ್ಲ, ತಾನೇ ಬಂತು:

“ಏರಿದ್ರ ಆಕಾಶ, ಇಳಿದ್ರ ಮೆಟ್ಟಿಲ,
ನಂದಕಿಶೋರರು ಜೋಡಿ ಕುಂತ್ರ ತೂಗತೈತಿ ತೊಟ್ಟಿಲ.”

ಹೆಂಗಸರ ಚಪ್ಪಾಳೆಯೂ ಸೇರಿ ಒಂಬತ್ತು ಸೆಕೆಂಡು. ಮಿಕ್ಕ ಐದು ಆಟಗಳನ್ನು ನಾನು ತಡವರಿಸುತ್ತ ಹೇಳಿ ಮುಗಿಸಿದಾಗ ಒಂದು ನಿಮಿಷ ನಾಲ್ಕು ಸೆಕೆಂಡು ಆಗಿತ್ತು. ತಮ್ಮ ತೀರ್ಪುಗಾರರು ಮಾತ್ರ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, “ನಂದಕಿಶೋರ” ಮತ್ತು “ತೊಟ್ಟಿಲು” ಎಂಬ ಶಬ್ದಗಳ ನಡುವೆ ಬೇರೆ ಶಬ್ದಗಳು ಬಂದದ್ದರಿಂದ ಆ ಉತ್ತರವೂ ತಪ್ಪೆಂದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಪಾಸು ಸತೀಶಕುಮಾರ ಎಂಬ ಮಹನೀಯರಿಗೆ ಹೋಯಿತು. ಅವರು ಐವತ್ತೊಂದು ಸೆಕೆಂಡಿನಲ್ಲಿ ಎಲ್ಲವನ್ನೂ ಎಲ್ಲಿಯೂ ನಾಚದೆ ಹೇಳಿದರು. ನನಗೆ ಅವರ ಮೇಲೆ ಹೊಟ್ಟೆಕಿಚ್ಚಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ.

ಆದ್ದರಿಂದ ತಮ್ಮಲ್ಲಿ ಕೋರುವುದೇನೆಂದರೆ, ನನ್ನ ಒಟ್ಟು ಕಾಲದಿಂದ ಒಡಪಿನ ಒಂಬತ್ತು ಸೆಕೆಂಡು ಕಳೆದು, ಐವತ್ತೈದು ಸೆಕೆಂಡೆಂದು ತಿದ್ದಿ ಆದೇಶ ಹೊರಡಿಸುವುದು. ಇನ್ನು ಮುಂದೆ ಯಾವುದೇ ಆಟಕ್ಕೆ ಗಂಡಸಿನ ಹೆಸರಿಡುವ ಮೊದಲು ಕರಡು ಪ್ರಕಟಿಸಿ, ವಿಜಯಪುರ, ಟಿಕೋಟಾ, ಬಬಲೇಶ್ವರ ತಾಲೂಕುಗಳ ಲಗ್ನವಾದ ಎಲ್ಲ ಹೆಣ್ಣುಮಕ್ಕಳಿಂದ ಮೂವತ್ತು ದಿನಗಳೊಳಗೆ ಆಕ್ಷೇಪಣೆ ಆಹ್ವಾನಿಸುವುದು. ತೀರ್ಪುಗಾರರ ಪೈಕಿ ಒಬ್ಬರಾದರೂ ಒಡಪು ಬಲ್ಲ ಮುದುಕಿ ಇರತಕ್ಕದ್ದು, ಸಾವಂತ್ರವ್ವ ಬರಲು ಸಿದ್ಧಳಿದ್ದಾಳೆ, ಅವಳಿಗೆ ಕಿಟಕಿಯ ಪಕ್ಕದ ಸೀಟು ಮತ್ತು ಎಲೆಅಡಿಕೆ ಒದಗಿಸುವುದು.

ಇಲ್ಲಿಗೆ ಪತ್ರ ಮುಗಿಯಬೇಕಿತ್ತು. ಆದರೆ ಅಂದು ತಮ್ಮ ಧ್ವನಿವರ್ಧಕಗಳು ಮಾಡಿದ ಇನ್ನೊಂದು ಅಪರಾಧವನ್ನು ಮುಚ್ಚಿಡುವುದು ಸರಿಯಲ್ಲ.

ಅವು ಬೇವಿನ ಮರದತನಕ ಕೇಳಿಸುತ್ತವೆ. ಇಪ್ಪತ್ತಾರು ವರ್ಷಗಳ ಸಂಸಾರದಲ್ಲಿ ಬೆರಳೆಣಿಕೆಯ ಸಲ ಮಾತ್ರ ನನ್ನ ಬಾಯಿಂದ ಕೇಳಿದ ತಮ್ಮದೇ ಹೆಸರು ಆಕಾಶದಿಂದ ಬಂದದ್ದು ಕೇಳಿ ನಮ್ಮ ಮನೆಯವರು ಹೌಹಾರಿದರಂತೆ. ಹಿಂದುಮುಂದಿನ ಮಾತು ಅವರಿಗೆ ತಿಳಿದಿಲ್ಲ. ನನಗೇ ಏನೋ ಆಗಿದೆ, ಅದಕ್ಕೇ ಕರೆಯುತ್ತಿದ್ದಾರೆ ಎಂದುಕೊಂಡಿದ್ದಾರೆ. ಬುತ್ತಿಗಂಟುಗಳನ್ನು ಅಲ್ಲೇ ಬಿಟ್ಟು, ಟಿಕೇಟು ತೆಗೆಸಿ, ಆನೆಯ ನೀರಿನಲ್ಲಿ ತೊಯ್ದು, ವೇದಿಕೆಯ ಹತ್ತಿರ ಓಡಿ ಬಂದು, “ನನ್ನ ಹೆಸರ ಯಾಕ ಕರದ್ರಿ? ಏನ ಆಗೇತಿ ಆಕಿಗೆ?” ಎಂದು ತಮ್ಮ ನಿರೂಪಕರ ತೋಳು ಹಿಡಿದರು. ನಾನು ಸೋತು, ಕಣ್ಣೀರು ಒರೆಸಿಕೊಳ್ಳುತ್ತ ಮೆಟ್ಟಿಲಿಳಿಯುತ್ತಿದ್ದೆ. ಭಾಗ್ಯಾ ಎಲ್ಲವನ್ನೂ ಹೇಳಿ, ಬೆರಳೆತ್ತಿ ತೊಟ್ಟಿಲು ತೋರಿಸಿದಳು. ಅವರು ತಲೆಯೆತ್ತಿ ಬಹಳ ಹೊತ್ತು ನೋಡಿದರು. ಹಿಮಾಲಯವನ್ನು ಹಾಗೆ ನೋಡಿದ್ದನ್ನು ನಾನು ಕಂಡಿಲ್ಲ. ಆಮೇಲೆ, “ನನ್ನ ಹೆಸರ ಅಷ್ಟ ಮ್ಯಾಲ ಇಟ್ಟ ಮ್ಯಾಲ ನಾನ ಕೆಳಗ ನಿಂತರ ಚಂದ ಕಾಣೂದಿಲ್ಲ. ನಡಿ” ಎಂದರು. ಪಾಸಿನ ಮಾತನ್ನು ಅವರೂ ಎತ್ತಲಿಲ್ಲ, ನಾನೂ ನೆನಪಿಸಲಿಲ್ಲ.

ಹತ್ತಿದೆವು. ಅವರು ಎರಡೂ ಕೈಯಿಂದ ಸರಳು ಹಿಡಿದು ಕಣ್ಣು ಮುಚ್ಚಿದರು. ನಮ್ಮ ಪೆಟ್ಟಿಗೆ ಮೇಲಕ್ಕೆ ಹೋದಾಗ ತಾವು, ಕೆಳಗೆ ಯಾರನ್ನೋ ಹತ್ತಿಸಿಕೊಳ್ಳಲು, ತೊಟ್ಟಿಲನ್ನು ನಿಲ್ಲಿಸಿದಿರಿ. ಗಾಳಿಗೆ ಪೆಟ್ಟಿಗೆ ಸ್ವಲ್ಪ ತೂಗಿತು. ಮದುವೆಯಾದಾಗಿನಿಂದ ನನ್ನನ್ನು “ಕೇಳಿಲ್ಲೇನು” ಎಂದೇ ಕರೆಯುತ್ತ ಬಂದ ಮನುಷ್ಯ, ಕಣ್ಣು ತೆರೆಯದೆ, “ಹೀರಾ, ಇಲ್ಲೇ ಅದೀ ಹೌದಿಲ್ಲೋ?” ಎಂದರು. ಒಡಪಿಲ್ಲ, ಏನಿಲ್ಲ, ಬರೀ ಹೆಸರು.

ಮಾನ್ಯರೇ, ನನ್ನ ನಿಜವಾದ ದೂರು ಇಷ್ಟೇ. ಅಂದಿನಿಂದ ನನ್ನ ನೆನಪಿನ ಅಭ್ಯಾಸ ಪೂರ್ತಿ ಹಾಳಾಗಿದೆ. ಬೆಳಿಗ್ಗೆ ಬಸ್ಸು ಹತ್ತಿ ಕಣ್ಣು ಮುಚ್ಚಿದರೆ ಕಪ್ಪೆಜಿಗಿತದಿಂದ ಹದಿನೆಂಟರತನಕ ಸರಾಗವಾಗಿ ಬರುತ್ತೇನೆ, ಅಲ್ಲಿಂದ ಮುಂದೆ ಹೋಗುವುದಿಲ್ಲ. ಹತ್ತೊಂಬತ್ತು ಯಾವುದು, ಇಪ್ಪತ್ತು ಯಾವುದು, ಈಗ ನಿಜವಾಗಿಯೂ ತಿಳಿಯದು. ಬಬಲೇಶ್ವರದ ದಾರಿಯಲ್ಲಿ ಭೂತದ ಗವಿಯಿಂದ ಹಿಂದಕ್ಕೆ ಹೊರಟರೆ ದಾರಿಯೇ ಸಿಗುವುದಿಲ್ಲ, ಸುಮ್ಮನೆ ಹದಿನೆಂಟನ್ನೇ ಹತ್ತಿ ಕೂರುತ್ತೇನೆ. ಅದು ಮೇಲೆ ಹೋಗಿ ನಿಲ್ಲುತ್ತದೆ, ಊರು ಬರುವತನಕ ನಿಂತೇ ಇರುತ್ತದೆ. ಆದಕಾರಣ ಮೇಲಿನ ಎಲ್ಲ ಕೋರಿಕೆಗಳನ್ನು ಹಿಂಪಡೆದು ಒಂದನ್ನೇ ಉಳಿಸಿಕೊಳ್ಳುತ್ತೇನೆ: ಆ ಹೆಸರನ್ನು ಮಾತ್ರ ಮತ್ತೆ ಬದಲಿಸಬೇಡಿ.

ಮುಂದಿನ ವರ್ಷ ಎರಡು ಟಿಕೇಟಿನೊಂದಿಗೆ ಬರಲಿರುವ,
ತಮ್ಮ ವಿಶ್ವಾಸಿ,
ಹೀರಾಬಾಯಿ
ಜೋರಾಪುರ ಪೇಟೆ, ವಿಜಯಪುರ

ತಾ.ಕ.: ಕಳೆದ ಮಂಗಳವಾರ ತಮ್ಮ ಗ್ರಾಹಕ ಸೇವೆಯ ಹುಡುಗಿ ಫೋನು ಮಾಡಿ, ಜೊತೆಗೆ ಬಂದಿದ್ದ ಯಜಮಾನರ ಹೆಸರನ್ನು ಒಂದೇ ಶಬ್ದದಲ್ಲಿ ತಿಳಿಸಬೇಕೆಂದು ಕೇಳಿದಳು. ನಾನು ಬಸ್ಸಿನಲ್ಲಿದ್ದೆ, ಒಂದು ಶಬ್ದದಲ್ಲಿ ಹೇಳಲು ಬರುವುದಿಲ್ಲವಾದ್ದರಿಂದ ಫೋನನ್ನು ಪರಸಪ್ಪನವರ ಕೈಗೆ ಕೊಟ್ಟೆ. ಎಲ್ಲಿಗೆ ಎಂದು ಯಾರೋ ಕೇಳುತ್ತಿದ್ದಾರೆಂದು ತಿಳಿದು ಅವರು “ಟಿಕೋಟಾ” ಎಂದು ಹೇಳಿ ಇಟ್ಟುಬಿಟ್ಟರು. ತಮ್ಮ ದಾಖಲೆಯಲ್ಲಿ ನನ್ನ ಗಂಡನ ಹೆಸರು ಟಿಕೋಟಾ ಎಂದು ಏರಿದ್ದರೆ ದಯವಿಟ್ಟು ತಿದ್ದಬೇಡಿ; ತಮ್ಮ ತೀರ್ಪುಗಾರರ ಮುಂದೆ ಆ ಹೆಸರನ್ನಾದರೆ ನಾನು ಒಂದು ಸೆಕೆಂಡಿನಲ್ಲಿ ಹೇಳಬಲ್ಲೆ.